ಶನಿವಾರ ರಾತ್ರಿ ಕೈ ಕಟ್ಟಿ ಕೂತದ್ದಕ್ಕೆ ಬಂದ 800 ಡಾಲರ್

ಓಹಾಯೋದ ಕೊಲಂಬಸ್‌ನ ನಮ್ಮ ಆಫೀಸ್ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ 12 ಜನ ಇದ್ದೇವೆ. ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಟೀಮ್ ಕಟ್ಟೋದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ತಲೆಗೆ 100 ಡಾಲರ್. ಗೆದ್ದವನಿಗೆ 800, ಎರಡನೆಯವನಿಗೆ 300, ಮೂರನೆಯವನಿಗೆ ಹಾಕಿದ ದುಡ್ಡು ವಾಪಸ್. ನಾನು 2021ರಿಂದ ಆಡುತ್ತಿದ್ದೇನೆ. ಮೊದಲ ಮೂರು ವರ್ಷ ನನ್ನ ದುಡ್ಡಲ್ಲಿ ಬೇರೆಯವರು ಮಜಾ ಮಾಡಿದರು. 2022ರಲ್ಲಂತೂ ಕಟ್ಟಕಡೆಯ ಸ್ಥಾನ. ನಮ್ಮಲ್ಲಿ ಕಡೆಯವನು ಎಲ್ಲರಿಗೂ ಪಿಜ್ಜಾ ಕೊಡಿಸಬೇಕು. ಅದು 140ರ ಹತ್ತಿರ ಆಯಿತು, ತಿಂದವರು ತಣ್ಣಗಾಗಿದೆ ಅಂತ ದೂರು ಬೇರೆ ಹೇಳಿದರು.

2024ರಲ್ಲಿ ಗೆದ್ದೆ. ಅದಕ್ಕೇ ಇದನ್ನು ಬರೆಯುತ್ತಿರೋದು, ಸುಳ್ಳು ಯಾಕೆ ಹೇಳಲಿ.

ಪಿಪಿಆರ್ (ಹಿಡಿದ ಪ್ರತಿ ಕ್ಯಾಚ್‌ಗೂ ಒಂದು ಪಾಯಿಂಟ್), ವೇವರ್ (ಯಾರ ಟೀಮಿನಲ್ಲೂ ಇಲ್ಲದವನನ್ನು ಸೀಸನ್ ನಡುವೆ ತಗೊಳ್ಳೋದು) ಇವುಗಳನ್ನು ಉದ್ದಕ್ಕೆ ಹೇಳೋಕೆ ಹೋಗಲ್ಲ.  ಸೀಸನ್‌ಗೆ ಮೊದಲು ಸರದಿ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳೋ ಡ್ರಾಫ್ಟ್ ಬಗ್ಗೆಯೂ ಹೇಳಲ್ಲ. ನನ್ನ ಡ್ರಾಫ್ಟ್ ಯಾವತ್ತೂ ಕೆಟ್ಟದಾಗಿರಲಿಲ್ಲ. ನಾನು ಸೋಲುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಯಾರನ್ನು ಆಡಿಸಲಿ, ಯಾರನ್ನು ಕೂರಿಸಲಿ ಅಂತ ಫೋನ್ ತಿಕ್ಕುವಾಗ.

ಮೊದಲನೇ ವರ್ಷದ ಪೆಟ್ಟು ಇನ್ನೂ ನೆನಪಿದೆ. 2021ರ ಡಿಸೆಂಬರ್ 6, ಸೋಮವಾರ ರಾತ್ರಿ, ಬಫಲೋದಲ್ಲಿ ಬಿಲ್ಸ್‌ಗೂ ಪೇಟ್ರಿಯಟ್ಸ್‌ಗೂ ಆಟ. ಚಳಿ ನೋಡಿದೆ, ಹಿಮ ಬೀಳುತ್ತಾ ಅಂತ ನೋಡಿದೆ, ಗಾಳಿ ನೋಡಲಿಲ್ಲ. ಪೇಟ್ರಿಯಟ್ಸ್ ರಿಸೀವರ್ (ಪಾಸ್ ಹಿಡಿಯುವವನು) ಒಬ್ಬನನ್ನು ಫ್ಲೆಕ್ಸ್‌ನಲ್ಲಿ, ಅಂದರೆ ಬೇರೆ ಬೇರೆ ಸ್ಥಾನದವರನ್ನು ಹಾಕಬಹುದಾದ ಜಾಗದಲ್ಲಿ, ಹಾಕಿದ್ದೆ. ಆವತ್ತು ಅವರ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಮ್ಯಾಕ್ ಜೋನ್ಸ್ ಇಡೀ ಆಟದಲ್ಲಿ ಎಸೆದದ್ದು ಮೂರೇ ಪಾಸ್. ಮೂರು! ಆದರೂ ಅವರು 14-10ರಲ್ಲಿ ಗೆದ್ದರು. ನನ್ನ ರಿಸೀವರ್ ಸುಮ್ನೆ ಮೈದಾನದಲ್ಲಿ ಓಡಾಡಿಕೊಂಡಿದ್ದ, ಸೊನ್ನೆ ಪಾಯಿಂಟ್. ಮಳೆ, ಹಿಮ ಅಂತ ಜನ ಜಾಸ್ತಿ ಹೆದರುತ್ತಾರೆ. ಹೆದರಬೇಕಾದ್ದು ಗಾಳಿಗೆ. ಗಂಟೆಗೆ 20 ಮೈಲಿ ಹತ್ತಿರ ಬಂದರೆ ನಾನು ಚೆಂಡು ಒದ್ದು ಪಾಯಿಂಟ್ ತರೋ ಕಿಕ್ಕರ್‌ನನ್ನೂ ಉದ್ದ ಪಾಸ್ ನಂಬಿಕೊಂಡ ರಿಸೀವರ್‌ನನ್ನೂ ಎತ್ತಿಡುತ್ತೇನೆ. ಹಿಮಕ್ಕೆ ಯಾರನ್ನೂ ಎತ್ತಿಡಲ್ಲ. 2024ರ ಡಿಸೆಂಬರ್ 1ರಂದು ಅದೇ ಬಫಲೋದಲ್ಲಿ ಹಿಮ ಸುರೀತಾ ಇದ್ದಾಗ ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್ ಎಸೆದ ಚೆಂಡು ಕೈ ಬದಲಾಗಿ ಅವನಿಗೇ ವಾಪಸ್ ಬಂತು. ಆ ಒಂದೇ ಎಸೆತಕ್ಕೆ ಎಸೆದ ಟಚ್‌ಡೌನೂ (ಚೆಂಡು ಎದುರಾಳಿಯ ಗೆರೆ ದಾಟಿಸೋದು) ಹಿಡಿದ ಟಚ್‌ಡೌನೂ ಅವನ ಲೆಕ್ಕಕ್ಕೇ ಸೇರಿತು. ಅಲೆನ್ ನನ್ನ ಟೀಮಲ್ಲಿದ್ದ. "ಹಿಮ ಬೀಳ್ತಿದೆ, ಅವನನ್ನ ಆಡಿಸ್ತೀಯಾ?" ಅಂತ ಕೇಳಿದ ಪುಣ್ಯಾತ್ಮ ಮಾರನೇ ದಿನ ಊಟಕ್ಕೆ ಬೇರೆ ಟೇಬಲ್ ಹಿಡಿದ.

ವಿಷಯಕ್ಕೆ ಬರ್ತೀನಿ.

2023ರ ಮೂರನೇ ವಾರ. ಡಾಲ್ಫಿನ್ಸ್ ಬ್ರಾಂಕೋಸ್ ಮೇಲೆ 70 ಪಾಯಿಂಟ್ ಹೊಡೆದ ದಿನ. ಡಾಲ್ಫಿನ್ಸ್‌ನ ಡಿವಾನ್ ಏಚೇನ್ 203 ಯಾರ್ಡ್ ಓಡಿ, ಒಟ್ಟು ನಾಲ್ಕು ಟಚ್‌ಡೌನ್ ಹೊಡೆದ. ನಮ್ಮ ಲೆಕ್ಕದಲ್ಲಿ 50 ದಾಟಿತು. ಅವನು ನನ್ನ ಬೆಂಚಿನಲ್ಲಿ ಕೂತಿದ್ದ. ರಾತ್ರಿ ನಿದ್ದೆ ಬರಲಿಲ್ಲ. ಆಗ ನಮ್ಮಪ್ಪ ನೆನಪಾದರು. ದಾವಣಗೆರೆಯಲ್ಲಿ ನಮ್ಮದು ಕಿರಾಣಿ ಅಂಗಡಿ ಇತ್ತು. ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಕಿರ್ದಿ ಬರೆಯದೆ ಊಟಕ್ಕೆ ಏಳುತ್ತಿರಲಿಲ್ಲ. ದುಡ್ಡು ಎಲ್ಲಿ ಸೋರಿತು ಅಂತ ತಲೆ ಕೆರೆದುಕೊಂಡರೆ ಗೊತ್ತಾಗಲ್ಲ, ಬರೆದರೆ ಗೊತ್ತಾಗುತ್ತೆ ಅನ್ನೋರು. ಸರಿ, ನಾನೂ ಒಂದು ಕಿರ್ದಿ ಶುರುಮಾಡಿದೆ.

ಐದು ಕಾಲಂ. ಒಂದು, ಶನಿವಾರ ರಾತ್ರಿ ಮಲಗುವಾಗ ಇದ್ದ ಟೀಮ್. ಎರಡು, ಭಾನುವಾರ ಮಧ್ಯಾಹ್ನ ಒಂದಕ್ಕೆ ಆಟ ಶುರುವಾಗುವಾಗ ಇದ್ದ ಟೀಮ್. ಮೂರು, ಎರಡಕ್ಕೂ ಬಂದ ಪಾಯಿಂಟ್‌ನ ವ್ಯತ್ಯಾಸ. ನಾಲ್ಕು, ಯಾಕೆ ಬದಲಾಯಿಸಿದೆ ಅಂತ ಒಂದೇ ಮಾತಿನಲ್ಲಿ. ಐದನೆಯದು ಹೇಳಲ್ಲ. ನಮ್ಮ ಲೀಗಿನಲ್ಲಿ ಇನ್ನೊಬ್ಬ ಕನ್ನಡದವನಿದ್ದಾನೆ, ಅವನು ಇದನ್ನು ಓದದೇ ಇರಲ್ಲ.

ಆಫೀಸಿನಲ್ಲಿ ನನಗೆ ಅಕೌಂಟೆಂಟ್ ಅಂತ ಹೆಸರು ಬಿತ್ತು. ಬೀಳಲಿ. ಆ ಸೀಸನ್ ಮುಗಿದು ಕೂಡಿಸಿ ನೋಡಿದಾಗ ನನಗೇ ನಾಚಿಕೆ ಆಯಿತು. ಶನಿವಾರ ರಾತ್ರಿ ಆದಮೇಲೆ ಸುಮಾರು 40 ಸಲ ಆಟಗಾರರನ್ನು ಬದಲಾಯಿಸಿದ್ದೆ. ಅದರಲ್ಲಿ ಲಾಭವಾದದ್ದು 14 ಸಲವೋ 15 ಸಲವೋ. ಒಟ್ಟು 90 ಪಾಯಿಂಟ್ ಹತ್ತಿರ ಕೈಯಾರೆ ಕಳೆದಿದ್ದೆ. ನಾಲ್ಕನೇ ಕಾಲಂ ಇನ್ನೂ ಕೆಟ್ಟದಾಗಿತ್ತು. "ಟಿವಿಯಲ್ಲಿ ಹೇಳಿದರು." "ಎದುರಿನ ಡಿಫೆನ್ಸ್ ಒಳ್ಳೇದು." "ಸುಮ್ನೆ ಅನ್ನಿಸಿತು." ಗಾಯದ ಸುದ್ದಿ ಬಂದು ಬದಲಾಯಿಸಿದ್ದು ಬಿಟ್ಟರೆ ಉಳಿದ ಎಲ್ಲಾ ಕಾರಣಗಳೂ ನಷ್ಟದವೇ.

ಇನ್ನೊಂದು ವಿಷಯವೂ ಗೊತ್ತಾಯಿತು. ಏಚೇನ್ ವಿಚಾರದಲ್ಲಿ ನಾನು ತಪ್ಪೇ ಮಾಡಿರಲಿಲ್ಲ. ಹಿಂದಿನ ವಾರ ಅವನ ಕೈಗೆ ಚೆಂಡು ಸಿಕ್ಕಿದ್ದೇ ಕಷ್ಟ. ಅಂಥವನನ್ನು ಆಡಿಸೋರು ಜೂಜುಕೋರರು. ಅವತ್ತು 50 ಪಾಯಿಂಟ್ ಬಿಟ್ಟಿದ್ದಕ್ಕೆ ಅತ್ತೆ, ಆದರೆ ಪ್ರತಿ ವಾರ ಐದಾರು ಪಾಯಿಂಟ್ ಸೋರುತ್ತಿದ್ದದ್ದು ಕಣ್ಣಿಗೇ ಬಿದ್ದಿರಲಿಲ್ಲ.

2024ಕ್ಕೆ ಕಟ್ಟಿಕೊಂಡ ಪದ್ಧತಿ ಹೀಗಿತ್ತು. ಬುಧವಾರ ಬೆಟ್ಟಿಂಗ್ ಲೈನ್ (ಎರಡೂ ಟೀಮ್ ಸೇರಿ ಎಷ್ಟು ಹೊಡೀತಾರೆ, ಯಾರು ಎಷ್ಟರಿಂದ ಮುಂದೆ ಅನ್ನೋ ಬೆಟ್ಟಿಂಗ್‌ನವರ ಅಂದಾಜು) ನೋಡಿ ಪ್ರತಿ ಟೀಮ್ ಎಷ್ಟು ಪಾಯಿಂಟ್ ಹೊಡೀಬಹುದು ಅಂತ ಬರೆದುಕೊಳ್ಳುತ್ತೇನೆ. ಒಟ್ಟು 48 ಇದ್ದು ಒಂದು ಟೀಮ್ 4 ಪಾಯಿಂಟ್ ಮುಂದೆ ಅಂದರೆ ಅದಕ್ಕೆ 26, ಎದುರಾಳಿಗೆ 22. ಓಹಾಯೋದಲ್ಲಿ 2023ರ ಜನವರಿಯಿಂದ ಬೆಟ್ಟಿಂಗ್ ಕಾನೂನುಬದ್ಧ. ನಾನು ಒಂದು ಡಾಲರ್ ಕೂಡ ಹಾಕಿಲ್ಲ, ಬೇರೆಯವರು ದುಡ್ಡು ಹಾಕಿ ಮಾಡಿದ ಲೆಕ್ಕವನ್ನು ಪುಕ್ಕಟೆ ತಗೋತೀನಿ ಅಷ್ಟೇ. ಆಮೇಲೆ ಹಿಂದಿನ ಮೂರು ವಾರದ ಸ್ನ್ಯಾಪ್ (ಎಷ್ಟು ಸಲ ಚೆಂಡು ಶುರುವಾದಾಗ ಮೈದಾನದಲ್ಲಿದ್ದ), ಟಾರ್ಗೆಟ್ (ಎಷ್ಟು ಪಾಸ್ ಅವನ ಕಡೆ ಎಸೆದರು), ಎಷ್ಟು ಸಲ ಓಡೋಕೆ ಚೆಂಡು ಕೊಟ್ಟರು ಅನ್ನೋದು. ಯಾರ್ಡ್, ಟಚ್‌ಡೌನ್ ನೋಡೋದೇ ಇಲ್ಲ. ಕೆಲಸ ಎಷ್ಟು ಸಿಗ್ತಿದೆ ಅನ್ನೋದು ಮುಖ್ಯ. ಶುಕ್ರವಾರ ಪ್ರಾಕ್ಟೀಸ್ ರಿಪೋರ್ಟ್, ಗಾಯವಾದವರಲ್ಲಿ ಯಾರು ಅಭ್ಯಾಸಕ್ಕೆ ಇಳಿದರು ಅಂತ. ಶನಿವಾರ ರಾತ್ರಿ ಒಂಬತ್ತಕ್ಕೆ ಟೀಮ್ ಮುಗೀತು. ಆಮೇಲೆ ಫೋನ್ ತೆಗೆಯೋದು ಆಟಕ್ಕೆ 90 ನಿಮಿಷ ಮೊದಲು, ಆಡದವರ ಪಟ್ಟಿ ಬಂದಾಗ ಮಾತ್ರ. ಪಟ್ಟಿಯಲ್ಲಿ ನನ್ನವನಿಲ್ಲದಿದ್ದರೆ ಮುಟ್ಟೋ ಹಾಗಿಲ್ಲ. ಮೊದಲ ನಾಲ್ಕೈದು ವಾರ ಕೈ ತುರಿಸೋದು ತಡೆಯೋಕಾಗದೆ ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯೋಕೆ ನಿಂತೆ. ಹೆಂಡತಿ ಏನೋ ತಪ್ಪು ಮಾಡಿದ್ದೀರಿ ಅಂತಲೇ ಅಂದುಕೊಂಡಿದ್ದಳು.

ಗುರುವಾರ ಆಡುವವನನ್ನು ಫ್ಲೆಕ್ಸ್‌ನಲ್ಲಿ ಹಾಕಬಾರದು, ಕೊನೆಗೆ ಆಡುವವನನ್ನು ಅಲ್ಲಿ ಹಾಕಬೇಕು, ಕೊನೇ ಗಳಿಗೆಯಲ್ಲಿ ಬದಲಾಯಿಸೋಕೆ ಅನುಕೂಲ ಅನ್ನೋದು ಆಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ನಮ್ಮ ಲೀಗಿನಲ್ಲಿ ಅರ್ಧ ಜನ ಮಾಡಲ್ಲ.

ಮೊದಲ ವಾರವೇ ಪರೀಕ್ಷೆ. ನನಗೆ ಮೊದಲ ಪಿಕ್ ಸಿಕ್ಕಿತ್ತು, ಫಾರ್ಟಿನೈನರ್ಸ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿಯನ್ನು ತಗೊಂಡಿದ್ದೆ. ಅವನ ಆಟ ಸೋಮವಾರ ರಾತ್ರಿ, ಜೆಟ್ಸ್ ಮೇಲೆ. ಮೀನಖಂಡದ ನೋವು ಅಂತ ಸುದ್ದಿ ಇತ್ತು, ಆಡ್ತಾನೆ ಅಂತ ಎಲ್ಲರೂ ಅಂದರು. ನನ್ನ ನಿಯಮ ಏನಂದರೆ, ಸೋಮವಾರದವನಿಗೆ ಗಾಯದ ಅನುಮಾನ ಇದ್ದರೆ ಅದೇ ಆಟದಲ್ಲಿ ಆಡುವ ಬದಲಿ ಬೆಂಚಿನಲ್ಲಿ ಇರಲೇಬೇಕು. ಮೆಕ್ಯಾಫ್ರಿ ಟೀಮಿನ ಬದಲಿ ಜಾರ್ಡನ್ ಮೇಸನ್‌ಗೆ, ಲೆಕ್ಕಕ್ಕಷ್ಟೇ ಇರೋ ವೇವರ್ ಬಜೆಟ್‌ನ 100ರಲ್ಲಿ 3 ಡಾಲರ್ ಕೊಟ್ಟಿದ್ದೆ. ಅದಕ್ಕೂ ನಕ್ಕಿದ್ದರು. ಆಟಕ್ಕೆ ಸ್ವಲ್ಪ ಮೊದಲು ಮೆಕ್ಯಾಫ್ರಿ ಆಡಲ್ಲ ಅಂತ ಬಂತು. ಮೇಸನ್ 147 ಯಾರ್ಡ್ ಓಡಿ ಒಂದು ಟಚ್‌ಡೌನ್ ಹೊಡೆದ. ಆ 3 ಡಾಲರ್ ನನ್ನ ಜೀವನದ ಅತ್ಯುತ್ತಮ ಹೂಡಿಕೆ, ಮನೆಗಿಂತಲೂ.

ಹಾಗಂತ ನಿಯಮ ಮುರಿದಿಲ್ಲ ಅಂದುಕೋಬೇಡಿ. 13ನೇ ವಾರ ಮುರಿದೆ. ಜೆರ್ರಿ ಜೂಡಿ, ಬ್ರೌನ್ಸ್ ರಿಸೀವರ್. ಕ್ವಾರ್ಟರ್‌ಬ್ಯಾಕ್ ಆಗಿ ಜೇಮಿಸ್ ವಿನ್‌ಸ್ಟನ್ ಬಂದಮೇಲೆ ಅವನಿಗೆ ಟಾರ್ಗೆಟ್ ಸುರಿಮಳೆ. ಕಿರ್ದಿ ಪ್ರಕಾರ ಕಣ್ಣು ಮುಚ್ಚಿ ಆಡಿಸಬೇಕು. ಆದರೆ ಎದುರಿಗಿದ್ದದ್ದು ಡೆನ್ವರ್, ಅಲ್ಲಿ ರಿಸೀವರ್‌ಗಳನ್ನು ಕಟ್ಟಿಹಾಕೋ ಪ್ಯಾಟ್ ಸರ್ಟನ್ ಇದ್ದ. ಭಾನುವಾರ ಬೆಳಿಗ್ಗೆ ಆಫೀಸಿನ ಒಬ್ಬ ಮಹಾನುಭಾವ "ಸರ್ಟನ್ ಮುಂದೆ ಜೂಡಿನಾ?" ಅಂತ ಮೆಸೇಜ್ ಹಾಕಿದ. ಹೆದರಿ ಎತ್ತಿಟ್ಟೆ. ಸೋಮವಾರ ಜೂಡಿ ತನ್ನ ಹಳೇ ಟೀಮಿನ ಮೇಲೆ 9 ಕ್ಯಾಚ್ ಹಿಡಿದು 235 ಯಾರ್ಡ್, ಒಂದು ಟಚ್‌ಡೌನ್. 38 ಚಿಲ್ಲರೆ ಪಾಯಿಂಟ್ ಬೆಂಚಿನಲ್ಲಿ. ಆ ವಾರ 20ರ ಹತ್ತಿರ ಸೋತೆ. ಪ್ಲೇಆಫ್‌ನ ಮೊದಲ ಸುತ್ತು ಆಡದೆ ದಾಟುವ ಅವಕಾಶ ಹೋಯಿತು. ಮೆಸೇಜ್ ಹಾಕಿದವನಿಗೇ ಅದು ಸಿಕ್ಕಿತು ಅನ್ನೋದು ಬೇರೆ ಮಾತು.

ನಡುವೆ ಮಾಡಿದ ಒಂದೆರಡು ಹುಚ್ಚಾಟ ಹೇಳಲೇಬೇಕು. 2023ರಲ್ಲಿ ಎರಡು ಸೈಟ್‌ಗೆ 60-60 ಡಾಲರ್ ಕಟ್ಟಿದ್ದೆ. ಎರಡೂ ಬೇರೆ ಬೇರೆ ಹೇಳುತ್ತಿದ್ದವು. ನಾನು ನನಗೆ ಬೇಕಾದ್ದನ್ನು ಹೇಳಿದ ಸೈಟನ್ನು ನಂಬುತ್ತಿದ್ದೆ. ಆಮೇಲೆ ಪುಕ್ಕಟೆ ಸಿಗುವ ಮೂರು ಪಟ್ಟಿ ತಗೊಂಡು ಸರಾಸರಿ ಮಾಡಿದರೆ ದುಡ್ಡು ಕೊಟ್ಟ ಪಟ್ಟಿಗಿಂತ ಒಂದು ಗುಲಗಂಜಿ ಕಮ್ಮಿ ಇರಲಿಲ್ಲ. ಕಿಕ್ಕರ್ ಮೇಲೂ ಒಂದು ತಿಂಗಳು ಸಂಶೋಧನೆ ಮಾಡಿದೆ. 2024ರ ಮೊದಲ ವಾರ ಸ್ಟೀಲರ್ಸ್‌ನ ಕ್ರಿಸ್ ಬಾಸ್ವೆಲ್ ಆರು ಫೀಲ್ಡ್ ಗೋಲ್ ಹೊಡೆದಿದ್ದು ನೋಡಿ ತಲೆ ಕೆಟ್ಟಿತ್ತು. ಮುಚ್ಚಿದ ಸ್ಟೇಡಿಯಂನಲ್ಲಿ ಆಡುವವನನ್ನು ತಗೊಂಡು ಮರೆತುಬಿಡಿ, ಅದಕ್ಕಿಂತ ಜಾಸ್ತಿ ಯೋಚನೆ ದಂಡ.

ಊರಲ್ಲಿರೋ ತಮ್ಮ ಐಪಿಎಲ್‌ಗೆ ಡ್ರೀಮ್11 ಆಡುತ್ತಿದ್ದ. ಅಲ್ಲೂ ಇದನ್ನೇ ಹಚ್ಚಿ ನೋಡಿದೆವು. ಟಾಸ್ ಹೊತ್ತಿಗೆ ಟೀಮ್ ಗೊತ್ತಾಗೋದು ನಮ್ಮ 90 ನಿಮಿಷದ ಪಟ್ಟಿಯ ಹಾಗೇ. ಸ್ನ್ಯಾಪ್ ಬದಲು ಎಷ್ಟು ಬಾಲ್ ಆಡ್ತಾನೆ, ಎಷ್ಟು ಓವರ್ ಹಾಕ್ತಾನೆ. ಆದರೆ ಅಲ್ಲಿ ಕ್ಯಾಪ್ಟನ್‌ಗೆ ಡಬಲ್ ಪಾಯಿಂಟ್. ಕ್ಯಾಪ್ಟನ್ ಸೊನ್ನೆಗೆ ಔಟಾದರೆ ಉಳಿದ ಹತ್ತು ಜನರ ಲೆಕ್ಕ ಏನು ಮಾಡೋಕಾಗುತ್ತೆ? ಮೂರು ಸಾವಿರ ರೂಪಾಯಿ ಹೋದಮೇಲೆ ತಮ್ಮ "ಅಣ್ಣಾ, ನಿನ್ನ ಲೆಕ್ಕ ಅಲ್ಲೇ ಅಮೆರಿಕಾದಲ್ಲಿ ಇಟ್ಕೋ" ಅಂದ. 2025ರ ಆಗಸ್ಟ್‌ನಲ್ಲಿ ಕಾನೂನು ಬಂದು ದುಡ್ಡಿನ ಆಟವೇ ನಿಂತುಹೋಯಿತು, ಅಲ್ಲಿಗೆ ಆ ಪ್ರಯೋಗವೂ ಮುಗೀತು.

ಪ್ಲೇಆಫ್‌ಗೆ ಮೂರನೆಯವನಾಗಿ ಹೋದೆ. 15ನೇ ವಾರ ಗೆದ್ದದ್ದು ಪದ್ಧತಿಯಿಂದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಎದುರಾಳಿ ಹತ್ತಿರ ಕೋಲ್ಟ್ಸ್‌ನ ಜೊನಾಥನ್ ಟೇಲರ್ ಇದ್ದ. ಡೆನ್ವರ್‌ನಲ್ಲಿ 40 ಯಾರ್ಡ್ ಓಡಿ ಗೆರೆ ದಾಟುವುದಕ್ಕೆ ಒಂದು ಹೆಜ್ಜೆ ಮೊದಲೇ ಚೆಂಡು ಕೈ ಬಿಟ್ಟ. ಸಂಭ್ರಮ ನೋಡಿ ಎಷ್ಟು ಬೇಗ! ಟಚ್‌ಡೌನ್ ಇಲ್ಲ, 6 ಪಾಯಿಂಟ್ ಇಲ್ಲ. ನಾನು ಗೆದ್ದದ್ದು 4 ಪಾಯಿಂಟ್‌ಗೆ.

ಫೈನಲ್ 17ನೇ ವಾರ. ನನ್ನ ರಿಸೀವರ್ ಟೀ ಹಿಗ್ಗಿನ್ಸ್ ಕ್ವೆಶ್ಚನಬಲ್, ಅಂದರೆ ಆಡೋದು ಅನುಮಾನ. ಅವನ ಟೀಮ್ ಬೆಂಗಾಲ್ಸ್ ಆಟ ಡಿಸೆಂಬರ್ 28, ಶನಿವಾರ ಸಂಜೆ, ಎದುರಿಗೆ ಮತ್ತೆ ಡೆನ್ವರ್, ಮತ್ತೆ ಸರ್ಟನ್. ಆಫೀಸಿನಲ್ಲಿ ಬೆಂಗಾಲ್ಸ್ ಅಭಿಮಾನಿಗಳೇ "ಅಕೌಂಟೆಂಟ್, ಕುಂಟೋ ಕುದುರೆ ಬೇಡ" ಅಂದರು. ಕಿರ್ದಿ ತೆಗೆದೆ. ಟಾರ್ಗೆಟ್ ಇದೆ. ಟೀಮಿಗೆ ಪಾಯಿಂಟ್ ಬರುವ ಲೆಕ್ಕ ಇದೆ. 13ನೇ ವಾರದ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಜೂಡಿ" ಅಂತ ಬರೆದಿದ್ದೆ, ಅದೂ ಇದೆ. ಆಡದವರ ಪಟ್ಟಿ ಬಂತು, ಅವನ ಹೆಸರಿಲ್ಲ. ಫೋನ್ ಮಗಳ ಕೈಗೆ ಕೊಟ್ಟು ಅಂಗಳದ ಹಿಮ ಕೆರೆಯೋಕೆ ಹೋದೆ, ಹಿಮ ಅಷ್ಟೇನೂ ಇರಲಿಲ್ಲ. ಹಿಗ್ಗಿನ್ಸ್ 11 ಕ್ಯಾಚ್, 131 ಯಾರ್ಡ್, ಮೂರು ಟಚ್‌ಡೌನ್. ಕೊನೆಯದು ಓವರ್‌ಟೈಮ್‌ನಲ್ಲಿ, ಆಟ ಗೆಲ್ಲಿಸಿದ್ದು. 42 ಪಾಯಿಂಟ್. ಭಾನುವಾರದ ಉಳಿದ ಆಟಗಳನ್ನು ನಾನು ಸೋಫಾ ಮೇಲೆ ಮಲಗಿ ನೋಡಿದೆ.

ದುಡ್ಡಿನ ಲೆಕ್ಕ. ನಾಲ್ಕು ವರ್ಷದ ಎಂಟ್ರಿ 400, ಸೈಟ್‌ಗಳಿಗೆ 120, ಪಿಜ್ಜಾ 140. ಬಂದದ್ದು 800. ತಮ್ಮನ ಮೂರು ಸಾವಿರ ರೂಪಾಯಿ ಬಿಟ್ಟರೆ ಲಾಭ 140 ಡಾಲರ್. ಅದಕ್ಕೆ ಎಷ್ಟು ಗಂಟೆ ಕೂತಿರಿ ಅಂತ ಹೆಂಡತಿ ಕೇಳಿದಳು. ಆ ಕಾಲಂ ಕಿರ್ದಿಯಲ್ಲಿ ಇಲ್ಲ ಅಂದೆ.

ಟೈಟ್ ಎಂಡ್ (ಎದುರಾಳಿಯನ್ನು ತಡೆಯೋದು, ಪಾಸ್ ಹಿಡಿಯೋದು ಎರಡೂ ಮಾಡುವವನು) ಆರಿಸೋ ಒಂದು ಉಪಾಯ ಉಳಿಸಿಕೊಂಡಿದ್ದೇನೆ, ಈ ವರ್ಷ ಅದೂ ಕೆಲಸ ಮಾಡಿದರೆ ಆಗ ಬರೆಯುತ್ತೇನೆ. ಮುಂದಿನ ವಾರ ಡ್ರಾಫ್ಟ್. ಎಂಟ್ರಿ 150 ಮಾಡೋಣ ಅಂತ ಸೋತವರೇ ಕೇಳಿದರು, ಹೂಂ ಅಂದುಬಿಟ್ಟೆ. ಮನೆಯಲ್ಲಿ ಇನ್ನೂ ಹೇಳಿಲ್ಲ.