ಶ್ರೀರಂಗಪಟ್ಟಣದ ಸುತ್ತು: ನಾಲ್ಕನೇ ಸಲಕ್ಕೆ ಕೂಡಿತು

"ಅಲ್ಲ ಭಾವ, ಸ್ಟೇಷನ್ನಲ್ಲಿ ಇಳಿದು, ಆಟೋಗೆ ದುಡ್ಡು ಕೊಟ್ಟು ಸಂಗಮಕ್ಕೆ ಹೋಗಿ, ಅಲ್ಲಿಂದ ಮತ್ತೆ ಸ್ಟೇಷನ್ ಕಡೆಗೇ ನಡ್ಕೊಂಡು ಬರೋದಾ?" ಅಂತ ನನ್ನ ಬಾಮೈದ ನಕ್ಕಿದ್ದ. ಜೊತೆಗೆ ನಡೆಯುವ ಇನ್ನಿಬ್ಬರೂ ಅದನ್ನೇ ಹೇಳಿದ್ದರು. ಈಗ ಮೂವರನ್ನೂ ಒಂದೊಂದು ಸಲ ಸುತ್ತಿಸಿಕೊಂಡು ಬಂದಿದ್ದೇನೆ. ಆಮೇಲೆ ಯಾರೂ ನಗಲಿಲ್ಲ.

ಶ್ರೀರಂಗಪಟ್ಟಣವನ್ನು ಎಲ್ಲರೂ ನೋಡಿರುತ್ತೀರಿ. ಅದನ್ನು ದ್ವೀಪವಾಗಿ ನೋಡಿದವರು ಕಮ್ಮಿ. ಕಾವೇರಿಯ ಎರಡೂ ಕವಲುಗಳನ್ನು ಪಕ್ಕದಲ್ಲಿಟ್ಟುಕೊಂಡು, ಹೋದ ದಾರಿಯಲ್ಲೇ ವಾಪಸ್ ಬರದೆ, ಒಂದೇ ದಿನದಲ್ಲಿ ಸುತ್ತು ಮುಗಿಸಬೇಕು ಅನ್ನೋದು ನನ್ನ ಹಟ. ನನ್ನ ಲೆಕ್ಕಕ್ಕೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಫೋನು ಹದಿನಾರು ತೋರಿಸಿತು. ದಾರಿ ತಪ್ಪಿ ತಿರುಗಿದ್ದನ್ನೂ ಸೇರಿಸಿತ್ತು, ಬಿಡಿ.

ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಶುದ್ಧ ತಪ್ಪು. ಕೆಆರ್‌ಎಸ್ 124.80 ಅಡಿ ಮುಟ್ಟುವ ಹೊತ್ತಿಗೆ ಗೇಟು ಎತ್ತುತ್ತಾರೆ ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಮಾತ್ರ ಮೋಡ ಇದೆ, ತಂಪಾಗಿರುತ್ತೆ ಅಂತ ಹೊರಟೆ. ಉತ್ತರದ ಕವಲು ಕೆಂಪಗೆ ಉಕ್ಕುತ್ತಿತ್ತು. ವೆಲ್ಲೆಸ್ಲಿ ಸೇತುವೆ ಹತ್ತಿರಕ್ಕೂ ಬಿಡಲಿಲ್ಲ. ಒಂದೂವರೆ ಕಿಲೋಮೀಟರ್ ನಡೆದು, ಕಾಫಿ ಕುಡಿದು ವಾಪಸ್.

ಎರಡನೇ ಸಲ ಮಾರ್ಚ್. ಸ್ಟೇಷನ್ನಿಂದ ಹೊರಟು ನಿಮಿಷಾಂಬ, ಸಂಗಮ, ಗುಂಬಜ್ ಎಲ್ಲ ಮುಗಿಸಿ ದಕ್ಷಿಣದ ದಡ ಹಿಡಿದೆ. ಅಲ್ಲೇ ಎಡವಟ್ಟಾಗಿದ್ದು. ಆಳೆತ್ತರದ ಕಬ್ಬು, ಬದು ಕಾಣದು, ಗರಿ ಮುಖ ಮೈ ಎಲ್ಲ ಕೊಯ್ಯುತ್ತೆ. ನಾಲೆ ದಾಟಲು ಹೋಗಿ ಪಾಚಿಗೆ ಕಾಲು ಜಾರಿತು. ಸೊಂಟದ ತನಕ ನೀರು, ಫೋನು ಜೇಬಿನಲ್ಲಿ. ರಿಪೇರಿಗೆ ಎರಡು ಸಾವಿರದ ಮೇಲೆ ಕಿತ್ತುಕೊಂಡರು, ಆಮೇಲೂ ಸ್ಪೀಕರ್ ಗೊರ ಗೊರ ಅನ್ನುತ್ತೆ. ಅಲ್ಲಿ ನೀರು ಕಟ್ಟುತ್ತಿದ್ದ ಹಿರಿಯರೊಬ್ಬರು "ಯಾವ ಕಡೀಕ್ ಹೊಂಟಿದ್ರಿ ಸಾ? ಅಲ್ಲಿ ದಾರಿ ಇಲ್ಲ ಕಣ್ ಸಾ" ಅಂದರು. ರಸ್ತೆಗೆ ಬಂದು ಮುನ್ನೂರು ರೂಪಾಯಿ ಕೊಟ್ಟು ಆಟೋ ಹತ್ತಿದೆ. ಒದ್ದೆ ಬಟ್ಟೆ ನೋಡಿ ಐವತ್ತು ಜಾಸ್ತಿ ಕೇಳಿದ್ದ ಅಂತ ಈಗಲೂ ನನ್ನ ಅನುಮಾನ.

ಮೂರನೇ ಸಲ ದಾರಿ ಗೊತ್ತು ಅಂದವನೊಬ್ಬನಿಗೆ ಐನೂರು ಕೊಟ್ಟೆ. ಅವನು ಮೈಸೂರು ರಸ್ತೆಯಲ್ಲೇ ಲಾರಿಗಳ ಪಕ್ಕ ನಡೆಸಿಕೊಂಡು ಹೋದ. ಹೆಚ್ಚು ಹೇಳುವುದಿಲ್ಲ.

ಆದರೆ ಅವತ್ತೇ ಒಂದು ವಿಷಯ ಹೊಳೆಯಿತು. ದ್ವೀಪ ಪಶ್ಚಿಮದಿಂದ ಪೂರ್ವಕ್ಕೆ ಉದ್ದ. ಕೋಟೆ, ಸ್ಟೇಷನ್ ಎರಡೂ ಪಶ್ಚಿಮದ ತುದಿಗೆ, ಕವಲುಗಳು ಕೂಡುವ ಸಂಗಮ ಪೂರ್ವದ ತುದಿಗೆ. ಸ್ಟೇಷನ್ನಿಂದ ಶುರು ಮಾಡಿದರೆ ಬೆಳಿಗ್ಗೆ ಪೂರ್ವಕ್ಕೆ ನಡೀಬೇಕು, ಸೂರ್ಯ ಕಣ್ಣಿಗೆ. ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ, ಆಗಲೂ ಕಣ್ಣಿಗೆ. ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ಬಯಲಲ್ಲಿ ಇರುತ್ತೇವೆ. ಸಂಗಮದಿಂದ ಹೊರಟರೆ ಎಲ್ಲಾ ತಿರುವುಮುರುವು. ಬೆಳಿಗ್ಗೆ ಬೆನ್ನಿಗೆ ಬಿಸಿಲು, ಸಂಜೆಯೂ ಬೆನ್ನಿಗೇ ಬಿಸಿಲು, ನಡು ಮಧ್ಯಾಹ್ನ ಕೋಟೆಯೊಳಗೆ ನೆರಳು. ಇಷ್ಟೇ ನನ್ನ ವಿದ್ಯೆ. ಇದಕ್ಕೆ ಆಟೋಗೆ ಕೊಟ್ಟಿದ್ದು ನೂರೈವತ್ತು.

ಇನ್ನೊಂದು, ತಿಂಗಳು. ಭತ್ತದ ಕೊಯ್ಲು ಮುಗಿದು, ನಾಲೆಗೆ ನೀರು ನಿಲ್ಲಿಸಿ, ಕಬ್ಬು ಕಡಿಯೋಕೆ ಶುರುವಾದ ಮೇಲೆ ಹೋಗಬೇಕು. ನಾನು ಜನವರಿಯಲ್ಲಿ ಹೋದೆ. ಮಾರ್ಚ್‌ನಲ್ಲಿ ಗೋಡೆಯ ಹಾಗೆ ನಿಂತಿದ್ದ ಕಬ್ಬು ಅವತ್ತು ಬರೀ ಕೂಳೆ. ತರಗಿನ ಮೇಲೆ ಚರಪರ ಅಂತ ನಡೆದುಕೊಂಡು ಹೋದೆ. ಗದ್ದೆಯಿಂದ ನಾಲೆ ಏರಿಗೆ ಹತ್ತುವ ಒಂದು ಜಾಗ ಇದೆ, ಇಡೀ ಸುತ್ತು ಕೂಡೋದು ಅಲ್ಲೇ. ಅದನ್ನು ಮಾತ್ರ ಬರೆಯೋದಿಲ್ಲ. ಗದ್ದೆಯವರು "ನೀವ್ ಬನ್ನಿ ಸಾ, ಜಾತ್ರೆ ಕರ್ಕಂಬರಬ್ಯಾಡಿ" ಅಂದಿದ್ದಾರೆ. ಹುಡುಕಿದರೆ ಸಿಗುತ್ತೆ, ಕೇಳಿ ಹೋಗಿ.

ಬೂಟಿನ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮೂರೂವರೆ ಸಾವಿರದ ಟ್ರೆಕ್ಕಿಂಗ್ ಶೂ ಒಂದು ಸಲ, ಐನೂರರ ಒಳಗಿನ ಬೆಲ್ಟ್ ಸ್ಯಾಂಡಲ್ ಇನ್ನೊಂದು ಸಲ. ನಾಲೆ ಬದಿಯ ಕೆಸರಿಗೆ ಶೂ ಒಂದೊಂದೂ ಎರಡು ಕೆಜಿ ಆಗುತ್ತೆ. ಸ್ಯಾಂಡಲ್ ಗೆದ್ದಿತು, ಕಬ್ಬಿನ ಕೂಳೆ ಚುಚ್ಚುವ ಅರ್ಧ ಕಿಲೋಮೀಟರ್ ಬಿಟ್ಟು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ, ನೋಡಿದವರು ನಗುತ್ತಾರೆ, ಹಾಗಾಗಿ ಅದೂ ಗುಟ್ಟು.

ಹತ್ತೂವರೆಗೆಲ್ಲ ಕೋಟೆ ಸೇರಿದೆ. ರೈಲು ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುತ್ತೆ. 1880ರ ದಶಕದ ಶುರುವಿನಲ್ಲಿ ಮೀಟರ್ ಗೇಜ್ ಆಗಿ ಬಂದ ದಾರಿ ಇದು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಮದ್ದುಗುಂಡಿನ ಮನೆಯೊಂದು ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಸಾವಿರ ಟನ್ ಆಸುಪಾಸಿನ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರಮೂವತ್ತು ಮೀಟರಿನಷ್ಟು ದೂರ ಸರಿಸಿದರು. ಅದನ್ನು ಹೆಜ್ಜೆಯಲ್ಲಿ ಅಳೆಯೋಣ ಅಂತ ಹತ್ತು ರೂಪಾಯಿ ಕೊಟ್ಟು ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡೆ. ಪ್ಲಾಟ್‌ಫಾರ್ಮ್ ಮೇಲೆ ಅಷ್ಟೇ ದೂರ ನಡೆದರೆ ನನ್ನ ಕಾಲಿಗೆ ನೂರೆಪ್ಪತ್ತು ಚಿಲ್ಲರೆ ಹೆಜ್ಜೆ. ಇಟ್ಟಿಗೆ ಗಾರೆಯ ಮನೆ ಅಷ್ಟು ದೂರ ಜಾರಿದೆ ಅಂದರೆ ನಡೆದು ನೋಡಿದ ಮೇಲೇ ಅದರ ಗಾತ್ರ ತಲೆಗೆ ಹೋಗೋದು. ಹಳಿ ಮೇಲೆ ನಡೆಯೋ ಆಸೆ ಮಾತ್ರ ಬೇಡ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ನು ಇದೆ, ಜೊತೆಗೆ ರೈಲೂ ಇದೆ.

ಮಧ್ಯಾಹ್ನ ಕರ್ನಲ್ ಬೇಲಿ ಅನ್ನೋ ಬ್ರಿಟಿಷ್ ಸೇನಾಧಿಕಾರಿಯ ಹೆಸರಿನ ಸೆರೆಮನೆಯಲ್ಲಿ ಒಂದು ಗಂಟೆ ಕೂತೆ. ಇಟ್ಟಿಗೆ ಕಮಾನು, ಹೊರಗೆ ಬೆಂಕಿ ಬಿಸಿಲಿದ್ದರೂ ಒಳಗೆ ತಣ್ಣಗೆ. ಬೇಲಿ ಸಿಕ್ಕಿಬಿದ್ದಿದ್ದು 1780ರ ಪೊಳ್ಳಿಲೂರು ಯುದ್ಧದಲ್ಲಿ, ತೀರಿಕೊಂಡಿದ್ದು ಇದೇ ಪಟ್ಟಣದಲ್ಲಿ, 1782ರಲ್ಲಿ. ಇದೇ ಬೇಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯ ಚಿತ್ರದಲ್ಲೂ ಇದ್ದಾನೆ. ಸುತ್ತ ಕುದುರೆ, ಹೊಗೆ, ಗದ್ದಲ. ನಡುವೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಎಷ್ಟೋ ಸಲ ಆ ಗೋಡೆ ಮುಂದೆ ಹಾದುಹೋಗಿದ್ದೆ, ಆ ಬೆರಳು ಕಂಡಿರಲಿಲ್ಲ. ಸೆರೆಮನೆ ನೋಡಿಕೊಂಡು ಹೋದ ಮೇಲೆ ಕಂಡಿತು.

ಮೂರು ಗಂಟೆಗೆ ಹೊರಟು ಉತ್ತರದ ಕವಲು ಹಿಡಿದೆ. ವೆಲ್ಲೆಸ್ಲಿ ಸೇತುವೆಯನ್ನು ದಡದಲ್ಲೇ ನಿಂತು ನೋಡಿದೆ. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ್ದು. ಒರಟು ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನದೇ ತೊಲೆ. ಪ್ರವಾಹ ಬಂದಾಗಲೆಲ್ಲ ಪೆಟ್ಟು ತಿನ್ನುತ್ತಲೇ ನಿಂತಿದೆ. ಕಂಬ ಎಣಿಸೋಕೆ ಕೂತೆ. ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬಂತು, ಕೈಬಿಟ್ಟೆ. ಆಮೇಲೆ ನಿಮಿಷಾಂಬ, ಮಜ್ಜಿಗೆ, ಗುಂಬಜ್. ಸಂಗಮ ಮುಟ್ಟಿದಾಗ ಇನ್ನೂ ಬೆಳಕಿತ್ತು.

ಖರ್ಚು ಕೇಳುತ್ತೀರಿ, ಗೊತ್ತು. ಗೆದ್ದ ದಿನದ್ದು ಎರಡು ಕಡೆಯ ಆಟೋ, ರೈಲು, ತಿಂಡಿ, ಮಜ್ಜಿಗೆ ಎಲ್ಲ ಸೇರಿ ಐನೂರರ ಹತ್ತಿರ. ಸೋತ ಮೂರು ದಿನಕ್ಕೆ ಫೋನು, ಶೂ ಸೇರಿ ಏಳು ಸಾವಿರ ಆಗಿರಬೇಕು. ಮನೆಯಲ್ಲಿ ಹೇಳಿದ್ದು ನಾಲ್ಕು.

ಬಾಮೈದನನ್ನು ಕರೆದುಕೊಂಡು ಹೋಗಿದ್ದು ಮುಂದಿನ ವಾರ. ನಾಲೆ ಏರಿ ಮೇಲೆ ಬೆನ್ನಿಗೆ ಎಳೆಬಿಸಿಲು ಬೀಳುತ್ತಿತ್ತು. ನಮ್ಮಿಬ್ಬರ ನೆರಳು ಉದ್ದಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಕರೀಘಟ್ಟಾನೂ ಸೇರಿಸಬಹುದಲ್ವಾ ಭಾವ?" ಅಂದ. ಸೇರಿಸಬಹುದು. ಆ ಬೆಟ್ಟಕ್ಕೆ ಲೋಕಪಾವನಿ ಹೊಳೆ ದಾಟಿಕೊಂಡು ಹೋಗಬೇಕು, ಅದಕ್ಕೆ ಒಳ್ಳೆಯ ಜಾಗ ನನಗಿನ್ನೂ ಸಿಕ್ಕಿಲ್ಲ. ಈ ಸಲ ಕೊಯ್ಲು ಮುಗಿದ ಮೇಲೆ ಹುಡುಕಬೇಕು. ಫೋನು ಪ್ಲಾಸ್ಟಿಕ್ ಕವರಿನಲ್ಲಿ.