ಬೋರ್ಡೋ ಹೊಡೆದರೂ ಹೋಗದ ಚುಕ್ಕೆ

ಮಡಿಕೇರಿಯಿಂದ ಸ್ವಲ್ಪ ಕೆಳಗೆ ನಾವು ಕೊಂಡ ಹಳೆ ಮನೆಯ ಹಿತ್ತಲಲ್ಲಿ, ಸೌದೆ ಕೊಟ್ಟಿಗೆಗೆ ಒರಗಿಕೊಂಡು ಒಂದು ಪೊದೆ ಇತ್ತು. ನನಗಿಂತ ಒಂದು ಗೇಣು ಎತ್ತರ. ಮನೆ ಮಾರಿದವರನ್ನು ಕೇಳಿದರೆ, "ಯಾವುದೋ ಕಾಡು ಕಾಫಿ, ಕಡಿದುಬಿಡಿ" ಎಂದರು. ಕಡಿಯಲಿಲ್ಲ. ಎರಡು ವರ್ಷ ಮತ್ತು ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ ಹೋದ ಮೇಲೆ ಅದರ ಹೆಸರು ಸಿಕ್ಕಿತು. ಪಾವಟೆ. ಪುಸ್ತಕದಲ್ಲಿ ಪಾವೆಟ್ಟಾ ಇಂಡಿಕಾ. ಫೋನಿಗೆ ಗೊತ್ತಾಗದ್ದು ನನಗೆ ಗೊತ್ತಾಯಿತು ಅಂತ ಸ್ವಲ್ಪ ಜಂಬ ಇದೆ, ಇರಲಿ.

ದುಡ್ಡು ಹೋದ ಕಥೆ ಮೊದಲು. ನಾವು ಬಂದಾಗ ಮಳೆ ಮುಗಿಯುತ್ತಿತ್ತು, ಗಿಡದಲ್ಲಿ ಹೂ ಇರಲಿಲ್ಲ. ಆದರೆ ಎಲೆಯ ತುಂಬ ಕಪ್ಪು ಚುಕ್ಕೆ. ಸಾಸಿವೆ ಕಾಳಿಗಿಂತ ಸಣ್ಣವು. ಪಕ್ಕದ ತೋಟದ ಮಾವ ಬೇಲಿ ಆಚೆಯಿಂದಲೇ ನೋಡಿ, "ಇದು ಕಾಯಿಲೆ ಮಾರಾಯ. ನನ್ನ ಅರೇಬಿಕಾ ಕಾಫಿಗೆ ಹತ್ತಿದರೆ ನೀನೇ ಜವಾಬ್ದಾರಿ" ಎಂದರು. ಹೊಸ ಊರು, ಹೊಸ ನೆರೆ. ಜಗಳ ಯಾಕೆ ಅಂತ ಕಾಫಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರದ ಔಷಧಿ) ಹೊಡೆಯುವಾಗ ಇದಕ್ಕೂ ಹೊಡೆಸಿದೆ. ಹೊಸ ಚಿಗುರು ಬಂತು, ಅದರಲ್ಲೂ ಚುಕ್ಕೆ. ಇನ್ನೊಂದು ಸಲ ನಾನೇ ಕಲಸಿದೆ. ಸುಣ್ಣ ಹಳೆಯದಿತ್ತು, ಚಾಕು ಅದ್ದಿ ಅದಕ್ಕೆ ತಾಮ್ರ ಹತ್ತುತ್ತದಾ ಎಂದು ನೋಡುವುದನ್ನೂ ಮರೆತೆ. ಚಿಗುರೆಲ್ಲ ಸುಟ್ಟು ಕರಕಲು. ಚುಕ್ಕೆ ಮಾತ್ರ ಹಾಗೇ ಇತ್ತು! ಮೈಲುತುತ್ತ, ಆಳಿನ ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರ ಆಗಿರಬಹುದು. ಎಲೆಯನ್ನು ಒಂದು ಕಡೆ ಪರೀಕ್ಷೆಗೂ ಕಳಿಸಿದೆ, ಸಾವಿರದ ಇನ್ನೂರು. 'ಶಿಲೀಂಧ್ರ ಕಂಡುಬಂದಿಲ್ಲ' ಎಂದು ಒಂದೇ ಸಾಲು ಬಂತು. ಹಾಗಾದರೆ ಏನು ಕಂಡುಬಂತು? ಅದಕ್ಕೆ ಉತ್ತರ ಇಲ್ಲ.

ನಡುವೆ ಒಂದು ಅಡ್ಡದಾರಿ. ಸಂತೆಯಲ್ಲಿ ಸಿಕ್ಕವರೊಬ್ಬರು, ಅದು ಆಟಿ ಸೊಪ್ಪೇ ಇರಬೇಕು ಎಂದರು. ಕೊಡವರ ಕಕ್ಕಡ ತಿಂಗಳ 18ಕ್ಕೆ ಇಲ್ಲಿ ಮನೆಮನೆಯಲ್ಲಿ ಪಾಯಸ ಮಾಡುವ ಸೊಪ್ಪು. ಅದನ್ನು ಕುದಿಸಿದರೆ ನೀರು ನೇರಳೆಗೆ ತಿರುಗುತ್ತದೆ, ಎಲ್ಲರಿಗೂ ಗೊತ್ತು. ನಾನೂ ಒಂದು ಹಿಡಿ ಎಲೆ ಕುದಿಸಿದೆ. ಅರ್ಧ ಗಂಟೆ ಕುದಿದರೂ ನೀರು ಭತ್ತದ ಹುಲ್ಲು ನೆನೆಸಿದ ಹಾಗೆ ಮಬ್ಬು ಹಳದಿ. ರುಚಿ ನೋಡಲಿಲ್ಲ, ಅಷ್ಟು ದಡ್ಡ ಅಲ್ಲ. ಆ ಪಾತ್ರೆಗೆ ಮನೆಯವಳಿಂದ ಬೈಸಿಕೊಂಡದ್ದು ಬೇರೆ.

ಮುಂದಿನ ವರ್ಷ ಹೂ ಮಳೆ ಬಿದ್ದು ಕಾಫಿ ಅರಳಿ ಉದುರಿದ ಮೇಲೆ, ಏಪ್ರಿಲ್ ಕೊನೆಗೆ, ಇದು ಅರಳಿತು. ಬಿಳಿ ಗೊಂಚಲು, ಸಂಜೆಗೆ ಘಮ ಜಾಸ್ತಿ. ತಂಗಿಯ ಮಗ ಫೋನಲ್ಲಿ ಗಿಡ ಗುರುತಿಸುವ ಆ್ಯಪ್‌ಗೆ ಮೂರು ಫೋಟೋ ಹೊಡೆದ. ಒಂದಕ್ಕೆ ಕಾಫಿ, ಒಂದಕ್ಕೆ ಮಲ್ಲಿಗೆ, ಒಂದಕ್ಕೆ ಬಿಳಿ ಕೇಪಳ (ಇಕ್ಸೋರಾ) ಎಂದು ಬಂತು. ದುಡ್ಡು ಕಟ್ಟಿದರೆ ಸರಿಯಾಗಿ ಹೇಳುತ್ತದೆ ಅಂತ ಆರುನೂರು ಕಟ್ಟಿಸಿದ. ಆಗಲೂ ಕೇಪಳವೇ. "ಮಾವ, ಫೋನಿಗಿಂತ ನಿಮಗೆ ಗೊತ್ತಾ?" ಎಂದು ನಕ್ಕ. ಆ ನಗುವೇ ನನ್ನನ್ನು ಹಟಕ್ಕೆ ಬೀಳಿಸಿದ್ದು.

ಮೈಸೂರಿಗೆ ಹೋದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತಂದೆ, ಮುನ್ನೂರೈವತ್ತು. ಖರ್ಚು ಮಾಡಿದ್ದರಲ್ಲಿ ದಂಡ ಆಗದ್ದು ಇದೊಂದೇ. ಎಲೆ ಕಿತ್ತರೆ ಹಾಲಿಲ್ಲ, ಅಲ್ಲಿಗೆ ನಂದಿಬಟ್ಟಲಿನ ಬಳಗ ಹೋಯಿತು. ಎದುರುಬದುರು ಎಲೆ, ಎರಡು ತೊಟ್ಟಿನ ನಡುವೆ ಕಾಂಡಕ್ಕೆ ಅಂಟಿದ ಸಣ್ಣ ತ್ರಿಕೋನದ ಸಿಪ್ಪೆ. ಇದನ್ನು ಕಾಫಿ ಗಿಡದಲ್ಲಿ ನಾವು ದಿನಾ ನೋಡುತ್ತೇವೆ, ಅಲ್ವಾ? ಅಂದರೆ ಕಾಫಿಯ ಕುಟುಂಬವೇ. ಆದರೆ ಕಾಫಿ ಅಲ್ಲ. ಅರೇಬಿಕಾ ಹೂವಿಗೆ ಐದು ಎಸಳು, ಗೆಣ್ಣುಗಳಲ್ಲಿ ಅರಳುತ್ತದೆ. ಇದಕ್ಕೆ ನಾಲ್ಕೇ ಎಸಳು, ಗೊಂಚಲು ರೆಂಬೆಯ ತುದಿಯಲ್ಲಿ.

ಉಳಿದದ್ದು ಕೇಪಳ. ಇಲ್ಲೇ ಫೋನು ಎಡವಿದ್ದು, ಯಾಕೆಂದರೆ ಕೇಪಳಕ್ಕೂ ನಾಲ್ಕು ಎಸಳು. ಒಂದು ಹೂ ಕಿತ್ತು ಕಪ್ಪು ಕೊಡೆ ಬಟ್ಟೆಯ ಮೇಲಿಟ್ಟೆ. ಮಧ್ಯದ ಎಳೆ ಕೊಳವೆಯಿಂದ ಹೊರಗೆ ಬಂದು, ಕೊಳವೆಯಷ್ಟೇ ಉದ್ದ ಇನ್ನೂ ಚಾಚಿಕೊಂಡಿತ್ತು. ಇಡೀ ಗೊಂಚಲು ಗುಂಡುಸೂಜಿ ಚುಚ್ಚಿದ ದಿಂಬಿನ ಹಾಗೆ ಕಾಣುವುದು ಇದರಿಂದಲೇ. ಕೇಪಳದಲ್ಲಿ ಆ ಎಳೆ ಸ್ವಲ್ಪವೇ ಹೊರಗೆ ಇಣುಕಿ, ತುದಿಯಲ್ಲಿ ಎರಡಾಗಿ ಸೀಳಿ ಹಿಂದಕ್ಕೆ ಬಾಗುತ್ತದೆ. ಇದರಲ್ಲಿ ತುದಿ ಸೀಳಿಲ್ಲ, ಸ್ವಲ್ಪ ಊದಿದೆ ಅಷ್ಟೇ. ಅವತ್ತು ಇಪ್ಪತ್ತು ಹೂವಾದರೂ ಬಿಡಿಸಿರಬೇಕು.

ಕೊನೆಯ ಗಂಟು ಬಿಚ್ಚಿದ್ದು ಆ ದರಿದ್ರ ಚುಕ್ಕೆಗಳೇ. ಬೆಳಿಗ್ಗೆ ಅಡುಗೆಮನೆ ಕಿಟಕಿಯಲ್ಲಿ ಎಲೆಯನ್ನು ಬಿಸಿಲಿಗೆ ಹಿಡಿದೆ. ಚುಕ್ಕೆ ಎಲೆಯ ಮೇಲಿಲ್ಲ, ಒಳಗಿದೆ. ಸುತ್ತ ಹಳದಿ ಬಳೆ ಇಲ್ಲ, ಕೊಳೆತಿಲ್ಲ, ಉಗುರಲ್ಲಿ ಕೆರೆದರೆ ಬರುವುದಿಲ್ಲ. ಕಾಯಿಲೆ ಹೀಗೆ ಇರುತ್ತದಾ? ಹುಡುಕಿ ಓದಿದರೆ, ಅವು ಬ್ಯಾಕ್ಟೀರಿಯಾ ವಾಸ ಮಾಡುವ ಗಂಟುಗಳು. ಮೊಗ್ಗಿನಲ್ಲೇ ಎಲೆಯೊಳಗೆ ಸೇರಿಕೊಳ್ಳುತ್ತವೆ, ಬೀಜದ ಜೊತೆಗೂ ಹೋಗುತ್ತವೆ. ಜಾವಾದಲ್ಲಿದ್ದ ಜಿಮ್ಮರ್‌ಮನ್ ಎಂಬ ಜರ್ಮನ್ ವಿಜ್ಞಾನಿ 1902ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಪಾವಟೆಯಲ್ಲಿ ಈ ಗಂಟು ಇರುತ್ತದೆ, ಕೇಪಳದಲ್ಲಿ ಇಲ್ಲ. ನಾನು ಬೋರ್ಡೋ ಹೊಡೆಸಿದ್ದು ಗಿಡದ ಗುರುತಿನ ಚೀಟಿಗೆ!

ಈ ಗಂಟುಗಳು ಸಾರಜನಕ ಹಿಡಿದು ಕೊಡುತ್ತವೆ ಎಂದು ಹಿಂದೆ ನಂಬಿದ್ದರಂತೆ, ಆಮೇಲೆ ಅದು ಸುಳ್ಳಾಯಿತು. ಆದರೂ ಸುಮ್ನೆ ಇರಲಾರದೆ ನಾಲ್ಕು ಕಾಫಿ ಗಿಡದ ಬುಡಕ್ಕೆ ಒಂದು ವರ್ಷ ಇದರ ಸೊಪ್ಪು ಹಾಕಿದೆ. ಪಕ್ಕದ ನಾಲ್ಕಕ್ಕೆ ಹಾಕಲಿಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ.

ಬೇಲಿ ಹತ್ತಿರ ಮಾವನನ್ನು ಕರೆದು ಎಲೆಯನ್ನು ಬಿಸಿಲಿಗೆ ಹಿಡಿಸಿದೆ. ನೋಡಿದರು. ನಂಬಲಿಲ್ಲ. ಮಳೆಗಾಲ ಕಳೆದು ಬಟಾಣಿ ಗಾತ್ರದ ಕಾಯಿ ಕಾಫಿಯ ಹಾಗೆ ಕೆಂಪಾಗದೆ ಮಿರಮಿರ ಕಪ್ಪಾದಾಗ, "ಆಯ್ತು, ನೀನು ಹೇಳಿದ್ದೇ ಸರಿ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಜಾಸ್ತಿಯೇ.

ಈ ಪಾವಟೆಯ ಹನ್ನೆರಡು ಕಡ್ಡಿ ನೆಟ್ಟಿದ್ದೆ, ಮೊದಲ ಸಲ ಎಲ್ಲ ಕೊಳೆತವು. ಎರಡನೇ ಸಲ ಏಳೋ ಎಂಟೋ ಹಿಡಿದವು. ನಡುವೆ ಏನು ಬದಲಾಯಿಸಿದೆ ಎನ್ನುವುದನ್ನು ಈಗಲೇ ಹೇಳುವುದಿಲ್ಲ, ಇನ್ನೊಂದು ಮಳೆಗಾಲ ನೋಡಬೇಕು. ಗಿಡ ಬೇಕಾದವರು ಮೇ ಕೊನೆಯೊಳಗೆ ಬನ್ನಿ. ಪ್ಲಾಸ್ಟಿಕ್ ತೊಟ್ಟೆ ನೀವೇ ತನ್ನಿ.