ಹಾಲಿನ ಬಾಟಲಿ ಕೊಳ್ಳುವ ಮುನ್ನ: ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು

ಹೆರಿಗೆಗೆ ಇನ್ನೂ ಒಂದು ತಿಂಗಳು ಇರುವಾಗಲೇ ನಮ್ಮ ಮನೆಗೆ ಎಂಟು ಬಾಟಲಿಗಳ ಸೆಟ್ ಬಂದಿತ್ತು. ಎಂಟೂ ಒಂದೇ ಬಗೆಯವು. ಮಗಳಿಗೆ ಮೊದಲ ಸಲ ಬಾಟಲಿ ಕೊಟ್ಟಾಗ ನಿಪ್ಪಲ್ಲನ್ನು ನಾಲಿಗೆಯಿಂದ ಹೊರಗೆ ತಳ್ಳಿಬಿಟ್ಟಳು. ಮತ್ತೆ ಕೊಟ್ಟರೂ ಅದೇ ಕತೆ. ಕೊನೆಗೆ ಬೇರೆ ಬಗೆಯ ಬಾಟಲಿ ಒಂದೇ ಒಂದು ತಂದು ನೋಡಿದೆವು. ಕಣ್ಣು ಮುಚ್ಚಿಕೊಂಡು ಸಮಾಧಾನವಾಗಿ ಕುಡಿದಳು. ಆ ಎಂಟರಲ್ಲಿ ಆರು ಬಾಟಲಿ ಡಬ್ಬಿಯಿಂದ ಆಚೆ ಬರಲೇ ಇಲ್ಲ.

ಅವತ್ತಿನಿಂದ ಮಗುವಿನ ನಿರೀಕ್ಷೆಯಲ್ಲಿರುವವರು ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಕೂಸು ಹೇಗೆ ಕುಡಿಯುತ್ತದೆ ಎಂದು ನೋಡಿಕೊಂಡು ಬಾಟಲಿ ಕೊಳ್ಳಿ. ಮೊದಲೇ ತರಲೇಬೇಕು ಅಂದರೆ ಒಂದು ಸಾಕು.

ಮೊದಲ ಹೆಜ್ಜೆ: ಯಾವ ಹಾಲು ಎಂದು ತೀರ್ಮಾನಿಸಿ

ಬಾಟಲಿಯ ಲೆಕ್ಕ ಶುರುವಾಗುವುದೇ ಇಲ್ಲಿಂದ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು ಮಾಡಿ, ಮೊದಲ 6 ತಿಂಗಳು ಅದೊಂದನ್ನೇ ಕೊಡಿ, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಮುಂದುವರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ದಿನಗಳಲ್ಲಿ ಬರುವ ಗಟ್ಟಿಯಾದ ಹಳದಿ ಹಾಲು ನೋಡಲು ಸ್ವಲ್ಪವೇ ಇರುತ್ತದೆ. ಕೂಸಿನ ಹೊಟ್ಟೆಯೂ ಆಗ ಪುಟ್ಟದು, ಅಷ್ಟು ಸಾಕಾಗುತ್ತದೆ. ಖರ್ಚಿನ ದೃಷ್ಟಿಯಿಂದ ನೋಡಿದರೂ ಇದಕ್ಕಿಂತ ಅಗ್ಗದ ದಾರಿ ಇಲ್ಲ.

‘ನನಗೆ ಹಾಲು ಸಾಲುತ್ತಿಲ್ಲ’ ಎಂಬ ಭಯದಲ್ಲೇ ಎಷ್ಟೋ ತಾಯಂದಿರು ಬಾಟಲಿ ಹಿಡಿಯುತ್ತಾರೆ. ಅದಕ್ಕೆ ಮೊದಲು ಎರಡು ವಿಷಯ ನೋಡಿ. ಐದನೇ ದಿನದ ನಂತರ ಮಗು ದಿನಕ್ಕೆ 6 ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದೆಯಾ? ಹುಟ್ಟಿದ ಮೇಲೆ ಕಡಿಮೆಯಾದ ತೂಕ ಎರಡು ವಾರದೊಳಗೆ ವಾಪಸ್ ಬಂದಿದೆಯಾ? ಎರಡಕ್ಕೂ ಹೌದು ಎಂದಾದರೆ ಹಾಲು ಸಾಲುತ್ತಿದೆ. ಎಳೆಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುವುದು ಸಹಜ, ಅದು ಹಾಲಿನ ಕೊರತೆಯ ಗುರುತಲ್ಲ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ನಡುನಡುವೆ ಸುಮ್ನೆ ಬಾಟಲಿ ಕೊಟ್ಟರೆ ಚೀಪುವುದು ಕಡಿಮೆಯಾಗಿ ನಿಜವಾಗಿಯೂ ಹಾಲು ಇಳಿಯಬಹುದು. ಎದೆ ನೋಯುತ್ತಿದ್ದರೆ, ತೊಟ್ಟು ಬಿರಿದಿದ್ದರೆ, ಮಗು ಬಾಯಿ ಹಾಕುವ ರೀತಿಯನ್ನು ನರ್ಸ್ ಹತ್ತಿರ ಒಮ್ಮೆ ತೋರಿಸಿ. ಮಗುವನ್ನು ಹಿಡಿಯುವ ಭಂಗಿ ಸ್ವಲ್ಪ ಬದಲಾದರೆ ಎಷ್ಟೋ ಸಲ ನೋವು ಹೋಗುತ್ತದೆ.

ಇಷ್ಟಾದರೂ ಕೆಲವರಿಗೆ ಆಗುವುದಿಲ್ಲ. ತಾಯಿ ತೆಗೆದುಕೊಳ್ಳುವ ಔಷಧಿ ಕಾರಣವಾಗಬಹುದು, ಕೆಲಸಕ್ಕೆ ಮರಳುವ ದಿನ ಹತ್ತಿರ ಬಂದಿರಬಹುದು, ದೇಹವೇ ಸಹಕರಿಸದೆ ಇರಬಹುದು. ಅಂಥವರು ಫಾರ್ಮುಲಾ, ಅಂದರೆ ಎಳೆಮಕ್ಕಳಿಗೆಂದೇ ಮಾಡಿದ ಡಬ್ಬಿಯ ಹಾಲಿನ ಪುಡಿ ಕೊಟ್ಟರೆ ಅದು ತಪ್ಪಲ್ಲ, ಸೋಲೂ ಅಲ್ಲ. ಹೊಟ್ಟೆ ತುಂಬಿದ ಮಗು, ನೆಮ್ಮದಿಯ ತಾಯಿ, ಎರಡೂ ಬೇಕು ಅಲ್ವಾ? ಅರ್ಧ ಎದೆಹಾಲು, ಅರ್ಧ ಫಾರ್ಮುಲಾ ಎಂಬ ದಾರಿಯೂ ಇದೆ. ಸಿಕ್ಕಷ್ಟು ಎದೆಹಾಲಿಗೂ ಬೆಲೆ ಇದೆ.

ಆದರೆ ಒಂದು ವರ್ಷ ತುಂಬುವ ತನಕ ಹಸುವಿನ ಹಾಲನ್ನು ಮುಖ್ಯ ಹಾಲಾಗಿ ಕೊಡಬೇಡಿ. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ಪ್ರೋಟೀನ್, ಲವಣ ಜಾಸ್ತಿ ಇರುವುದರಿಂದ ಎಳೆಯ ಮೂತ್ರಪಿಂಡಕ್ಕೆ ಹೊರೆ. 6 ತಿಂಗಳೊಳಗೆ ಬರೀ ನೀರೂ ಬೇಡ. ಜೇನುತುಪ್ಪವಂತೂ ವರ್ಷದವರೆಗೆ ನಾಲಿಗೆಗೂ ತಾಗಿಸಬಾರದು.

ಎರಡನೆಯದು: ಎಷ್ಟು ಬೇಕು, ಎಣಿಸಿ

ಮಗು ಸದಾ ತಾಯಿಯ ಜೊತೆಗಿದ್ದು ಎದೆಹಾಲನ್ನೇ ಕುಡಿಯುತ್ತಿದ್ದರೆ ಬಾಟಲಿಯೇ ಬೇಡ. ಅಪರೂಪಕ್ಕೆ ಹಿಂಡಿದ ಹಾಲು ಕೊಡಬೇಕಾದರೆ ಸಣ್ಣ ಲೋಟ ಸಾಕು. ಮಗುವನ್ನು ಕೂರಿಸಿದ ಹಾಗೆ ಹಿಡಿದು, ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿದರೆ ತಾನೇ ನಾಲಿಗೆ ಚಾಚಿ ನೆಕ್ಕುತ್ತದೆ. ಹಾಲನ್ನು ಬಾಯಿಗೆ ಸುರಿಯಬಾರದು. ಲೋಟ ತೊಳೆಯುವುದೂ ಸುಲಭ, ಹಾಲು ಅಡಗಿ ಕೂರುವ ಮೂಲೆಯೇ ಅದರಲ್ಲಿಲ್ಲ.

ತಾಯಿ ಕೆಲಸಕ್ಕೆ ಹೋಗುವುದಾದರೆ ಎರಡು ಮೂರು ಬಾಟಲಿ. ಪೂರ್ತಿ ಫಾರ್ಮುಲಾ ಎಂದಾದರೆ ನಾಲ್ಕು. ದಿನಕ್ಕೆ ಎರಡು ಮೂರು ಸಲ ತೊಳೆದು ಕುದಿಸುವ ವ್ಯವಧಾನ ಇದ್ದರೆ ನಾಲ್ಕರಲ್ಲಿ ಧಾರಾಳವಾಗಿ ನಡೆಯುತ್ತದೆ.

ಅಳತೆಯ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: 120 ಮಿಲಿಲೀಟರಿನ ಪುಟಾಣಿ ಬಾಟಲಿ ಬಿಟ್ಟು ನೇರವಾಗಿ 240ರದ್ದು ತನ್ನಿ. ಚಿಕ್ಕದು ಕೆಲವೇ ತಿಂಗಳಲ್ಲಿ ಸಾಲದಾಗುತ್ತದೆ. ದೊಡ್ಡದರಲ್ಲಿ 60 ಮಿಲಿಲೀಟರ್ ಹಾಕಿಯೂ ಕುಡಿಸಬಹುದು. ಕೆಳಗಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತವಾ ಎಂದು ಮಾತ್ರ ಕೊಳ್ಳುವಾಗಲೇ ನೋಡಿ. ಬಣ್ಣದ ಚಿತ್ರಗಳು ತುಂಬಿದ ಬಾಟಲಿಯಲ್ಲಿ ಗೆರೆ ಹುಡುಕುವುದು ನಡುರಾತ್ರಿ ಬಹಳ ಕಷ್ಟ.

ಪ್ಲಾಸ್ಟಿಕ್ಕೋ, ಗಾಜೋ?

ಹಿಂದೆ ಬಾಟಲಿಗಳನ್ನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಿದ್ದರು. ಅದರಿಂದ ಬಿಪಿಎ ಎಂಬ ರಾಸಾಯನಿಕ ಹಾಲಿಗೆ ಸೇರುತ್ತದೆ ಎಂಬ ಕಾರಣಕ್ಕೆ ಕೆನಡಾ 2010ರಲ್ಲಿ, ಐರೋಪ್ಯ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ಅಂಥ ಬಾಟಲಿಗಳನ್ನು ನಿಲ್ಲಿಸಿದವು. ಈಗಿನ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುತ್ತದೆ. ಇವು ಹಗುರ, ಅಗ್ಗ, ಬಿದ್ದರೂ ಒಡೆಯುವುದಿಲ್ಲ. ಆದರೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಒಂದು ವಿಷಯ ತೋರಿಸಿದರು. ಇಂಥ ಬಾಟಲಿಗೆ ಬಿಸಿನೀರು ಹಾಕಿ ಅಲ್ಲಾಡಿಸಿದರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಭಾರೀ ಸಂಖ್ಯೆಯಲ್ಲಿ ಬಿಡುತ್ತವೆ. ಹಾಗಂತ ಬಾಟಲಿ ಎಸೆಯಬೇಕಿಲ್ಲ. ಕುದಿಸಿದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಹಾಲು ಕಲಸಿ, ಉಗುರುಬೆಚ್ಚಗೆ ಆದ ಮೇಲೆ ಬಾಟಲಿಗೆ ಹಾಕಿ.

ಗಾಜು ಭಾರ, ಒಡೆಯುವ ಭಯವೂ ಇದೆ. ಆದರೆ ಗೀಚು ಬೀಳುವುದಿಲ್ಲ, ವಾಸನೆ ಹಿಡಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಮನೆಯಲ್ಲೇ ಬಳಸುವುದಾದರೆ ಎರಡು ಗಾಜಿನವು, ಹೊರಗೆ ಒಯ್ಯಲು ಒಂದು ಪ್ಲಾಸ್ಟಿಕ್ಕಿನದು ಒಳ್ಳೆಯ ಜೋಡಿ. ಬಳಸಿದ ಬಾಟಲಿ ಯಾರಾದರೂ ಕೊಟ್ಟರೆ? ಗಾಜಿನದು ಬಿರುಕು ಬಿಟ್ಟಿಲ್ಲ ಎಂದಾದರೆ ಚೆನ್ನಾಗಿ ಕುದಿಸಿ ಬಳಸಿ. ಪ್ಲಾಸ್ಟಿಕ್ ಮಬ್ಬಾಗಿದ್ದರೆ, ಗೀಚಿದ್ದರೆ, ತುಂಬಾ ಹಳೆಯದಾಗಿದ್ದರೆ ಬೇಡ. ಹಳೆಯ ನಿಪ್ಪಲ್ ಮಾತ್ರ ಯಾವತ್ತೂ ಬೇಡ.

ನಿಪ್ಪಲ್ಲಿಗೆ ದುಡ್ಡು ಹಾಕಿ

ಬಾಟಲಿ ಬರೀ ಪಾತ್ರೆ. ಮಗುವಿನ ಬಾಯಿಗೆ ಹೋಗುವುದು ನಿಪ್ಪಲ್. ಇಲ್ಲಿ ಜಿಪುಣತನ ಮಾಡಬೇಡಿ.

ಸಿಲಿಕೋನ್ ನಿಪ್ಪಲ್ ಬಾಳಿಕೆ ಬರುತ್ತದೆ. ಲೇಟೆಕ್ಸ್ ಮೆತ್ತಗಿರುತ್ತದೆ, ಬೇಗ ಹಾಳಾಗುತ್ತದೆ, ಕೆಲವು ಮಕ್ಕಳಿಗೆ ಅಲರ್ಜಿಯೂ ಆಗಬಹುದು. ಶುರುವಿನಲ್ಲಿ ಅತಿ ನಿಧಾನವಾಗಿ ಹಾಲು ಬಿಡುವ ನಿಪ್ಪಲ್ಲನ್ನೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೆದಿರುವ 1, 2, 3 ಎಂಬ ನಂಬರನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ 1 ಇನ್ನೊಂದರ 2ಕ್ಕೆ ಸಮ ಇರಬಹುದು.

ಮನೆಯಲ್ಲೇ ಪರೀಕ್ಷೆ ಮಾಡಿ. ಬಾಟಲಿಗೆ ನೀರು ಹಾಕಿ, ನಿಪ್ಪಲ್ ಬಿಗಿದು, ತಲೆಕೆಳಗೆ ಹಿಡಿಯಿರಿ. ಮೊದಲ ಕ್ಷಣ ಒಂದಿಷ್ಟು ಚಿಮ್ಮಬಹುದು. ಆಮೇಲೆ ತೊಟ್ಟು ತೊಟ್ಟಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ಎಳೆಗೂಸಿಗೆ ಅದು ಜಾಸ್ತಿ. ಕೊನೆಯ ಮಾತು ಮಗುವಿನದೇ. ಬಾಯಿಯ ಪಕ್ಕದಿಂದ ಹಾಲು ಸೋರುತ್ತಿದ್ದರೆ, ಕೆಮ್ಮುತ್ತಿದ್ದರೆ, ಬೆರಳು ಬಿಡಿಸಿ ಕೈ ಅಗಲಿಸಿ ಗಾಬರಿಯಾದರೆ ಹಾಲಿನ ವೇಗ ಹೆಚ್ಚಾಗಿದೆ ಎಂದರ್ಥ. ತುಂಬಾ ಹೊತ್ತು ಚೀಪಿ, ನಿಪ್ಪಲ್ ಚಪ್ಪಟೆಯಾಗಿ, ಸಿಟ್ಟಿನಿಂದ ಅಳುತ್ತಿದ್ದರೆ ವೇಗ ಸಾಲದು. ಸೂಜಿ ಕಾಯಿಸಿ ತೂತು ದೊಡ್ಡದು ಮಾಡುವ ಸಾಹಸ ಬೇಡ. ಹಾಲು ನೆತ್ತಿಗೆ ಹತ್ತಿದರೆ ಆಪತ್ತು.

ಎರಡು ಮೂರು ತಿಂಗಳಿಗೊಮ್ಮೆ ನಿಪ್ಪಲ್ ಬದಲಿಸಿ. ಅಂಟಂಟಾದರೆ, ಉಬ್ಬಿದರೆ, ಹಲ್ಲಿನ ಗುರುತು ಬಿದ್ದರೆ ಅವತ್ತೇ ಎಸೆಯಿರಿ. ಬಿಡಿ ನಿಪ್ಪಲ್ ಸುಲಭವಾಗಿ ಸಿಗುವ, ಅಗಲ ಬಾಯಿಯ ಸಾದಾ ಬಾಟಲಿ ಆರಿಸಿದರೆ ಮುಂದೆ ಬಾಟಲಿಯನ್ನೇ ಬದಲಿಸುವ ಪ್ರಮೇಯ ಬರುವುದಿಲ್ಲ.

ಗ್ಯಾಸ್ ಆಗದಂತೆ ತಡೆಯುತ್ತದೆ ಎಂದು ಮಾರುವ ಕೊಳವೆ, ಕವಾಟದ ಬಾಟಲಿಗಳು ಕೆಲವು ಮಕ್ಕಳಿಗೆ ಹಿಡಿಸಬಹುದು. ಆದರೆ ಭಾಗ ಹೆಚ್ಚಿದಷ್ಟೂ ತೊಳೆಯುವ ಕೆಲಸ ಹೆಚ್ಚು. ಮೊದಲು ಮಗುವನ್ನು ನೆಟ್ಟಗೆ ಕೂರಿಸಿ ನಿಧಾನವಾಗಿ ಕುಡಿಸಿ ನೋಡಿ. ಹಾಲು ಬೆಚ್ಚಗೆ ಮಾಡುವ ಯಂತ್ರ, ಬಾಟಲಿಯ ಕ್ರಿಮಿ ಕೊಲ್ಲುವ ವಿದ್ಯುತ್ ಸ್ಟೆರಿಲೈಸರ್ ಎರಡೂ ಇಲ್ಲದೆ ನಡೆಯುತ್ತದೆ. ಒಂದು ಬಟ್ಟಲು ಬಿಸಿನೀರು, ಒಂದು ದೊಡ್ಡ ಪಾತ್ರೆ ಇದ್ದರೆ ಆಯಿತು.

ಪುಡಿ ಕಲಸುವಾಗ

ದುಡ್ಡು ಉಳಿಸಲು ಪುಡಿಗೆ ಜಾಸ್ತಿ ನೀರು ಬೆರೆಸುವವರಿದ್ದಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ನೀರು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಪುಡಿ ಹೆಚ್ಚಾದರೂ ಅಪಾಯ, ಮೈಯ ನೀರು ಆರುತ್ತದೆ. ಮೊದಲು ನೀರು ಅಳೆಯಿರಿ, ಆಮೇಲೆ ಅದೇ ಡಬ್ಬಿಯ ಚಮಚದಿಂದ ಪುಡಿ ಹಾಕಿ, ಅಂಚಿಗೆ ಸಮವಾಗಿ ಗೀರಿ. ಒತ್ತಿ ತುಂಬಬೇಡಿ.

ಉಳಿತಾಯಕ್ಕೆ ಬೇರೆ ದಾರಿ ಇದೆ. ಮೊದಲ ಹಂತದ ಫಾರ್ಮುಲಾ ಒಂದು ವರ್ಷದವರೆಗೂ ಸಾಕು. 6 ತಿಂಗಳಾಯಿತು ಎಂದು ಎರಡನೇ ಹಂತದ ಡಬ್ಬಿಗೆ ಹೋಗಲೇಬೇಕೆಂದಿಲ್ಲ. ದುಬಾರಿ ಡಬ್ಬಿಯೇ ಒಳ್ಳೆಯದು ಎಂಬ ಭಾವನೆಯನ್ನೂ ಬಿಡಿ. ಎಳೆಮಕ್ಕಳ ಫಾರ್ಮುಲಾದಲ್ಲಿ ಏನೇನು ಎಷ್ಟೆಷ್ಟು ಇರಬೇಕು ಎಂದು ನಿಯಮವೇ ಇದೆ, ಅಗ್ಗದ್ದೂ ಅದನ್ನು ಪಾಲಿಸಬೇಕು. ಮಗುವಿಗೆ ಅಲರ್ಜಿಯಂಥ ತೊಂದರೆ ಇದ್ದರೆ ಮಾತ್ರ ವೈದ್ಯರು ಹೇಳಿದ್ದೇ ಆಗಬೇಕು. ಉಚಿತ ಸ್ಯಾಂಪಲ್ ಕೊಡಲು ಬಂದರೆ ಎಚ್ಚರ ಇರಲಿ. ಫಾರ್ಮುಲಾ, ಬಾಟಲಿ, ನಿಪ್ಪಲ್ಲುಗಳನ್ನು ಜನರಿಗೆ ಜಾಹೀರಾತು ಮಾಡಬಾರದು, ತಾಯಂದಿರಿಗೆ ಸ್ಯಾಂಪಲ್ ಹಂಚಬಾರದು ಎಂದು 1981ರಲ್ಲೇ ವಿಶ್ವ ಆರೋಗ್ಯ ಸಭೆ ಅಂತರರಾಷ್ಟ್ರೀಯ ಸಂಹಿತೆ ಒಪ್ಪಿದೆ.

ಪುಡಿ ಕ್ರಿಮಿರಹಿತವಲ್ಲ. ಅದಕ್ಕೇ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುದಿಸಿ ಇಳಿಸಿದ ನೀರನ್ನು ಅರ್ಧ ಗಂಟೆಯೊಳಗೆ ಬಳಸಿದರೆ ಆಯಿತು. ಕಲಸಿದ ಹಾಲನ್ನು ಮುಚ್ಚಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ, ಬಿಸಿ ತಟ್ಟಬಾರದು. 2 ಗಂಟೆಯೊಳಗೆ ಕುಡಿಸಿ, ಮಗು ಬಿಟ್ಟ ಎಂಜಲು ಹಾಲನ್ನು ಚೆಲ್ಲಿ. ಚೆಲ್ಲುವುದು ಬೇಡ ಎಂದಾದರೆ ಸ್ವಲ್ಪ ಸ್ವಲ್ಪವೇ ಕಲಸಿ.

ಹಿಂಡಿದ ಎದೆಹಾಲು ಇದಕ್ಕಿಂತ ತಡೆಯುತ್ತದೆ. 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು. ಮೈಕ್ರೋವೇವಿನಲ್ಲಿ ಯಾವ ಹಾಲನ್ನೂ ಕಾಯಿಸಬೇಡಿ. ಬಾಟಲಿ ಹೊರಗೆ ಬೆಚ್ಚಗಷ್ಟೇ ಇದ್ದರೂ ಹಾಲು ಅಲ್ಲಲ್ಲಿ ಸುಡುವಷ್ಟು ಬಿಸಿ ಇರಬಹುದು.

ತೊಳೆಯುವುದು

ಒಂದು ದಿನ ತೊಳೆದಿಟ್ಟ ಬಾಟಲಿ ಬಾಯಿಗೆ ಮೂಗು ಹಿಡಿದಾಗ ಹುಳಿ ವಾಸನೆ ಬಂತು. ಬಾಟಲಿಯ ಒಳಗೆ ಫಳಫಳ ಹೊಳೆಯುತ್ತಿತ್ತು. ನಿಪ್ಪಲ್ ಬಿಗಿಯುವ ಬಳೆಯ ಒಳಸುತ್ತಿನಲ್ಲಿ, ತಿರುಪಿನ ಗೆರೆಗಳ ನಡುವೆ ಹಳದಿ ಪದರ ಅಂಟಿತ್ತು. ಆದ್ದರಿಂದ ಪ್ರತಿ ಸಲ ಎಲ್ಲ ಭಾಗ ಬಿಚ್ಚಿ. ತಣ್ಣೀರಿನಲ್ಲಿ ಜಾಲಿಸಿ, ಸೋಪು ಹಾಕಿದ ಬಿಸಿನೀರಿನಲ್ಲಿ ಇದಕ್ಕೆಂದೇ ಇಟ್ಟ ಬ್ರಷ್ಷಿನಿಂದ ಉಜ್ಜಿ. ನಿಪ್ಪಲ್ಲನ್ನು ತಿರುವಿ ಒಳಗಡೆಯೂ ಉಜ್ಜಿ, ತೂತಿನಿಂದ ನೀರು ಹಿಂಡಿ ಹೊರಬಿಡಿ. ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ 10 ನಿಮಿಷ ಕುದಿಸಿ. ಬಟ್ಟೆಯಿಂದ ಒರೆಸದೆ ಗಾಳಿಗೆ ಆರಲು ಬಿಡಿ.

ಕುಡಿಸುವಾಗ, ಬಿಡಿಸುವಾಗ

ಮಗು ಕೈ ಬಾಯಿಗೆ ಹಾಕುವಾಗ, ತಲೆ ಆಚೀಚೆ ತಿರುಗಿಸಿ ಹುಡುಕುವಾಗಲೇ ಹಾಲು ಕೊಡಿ. ಅಳು ಬರುವಷ್ಟರಲ್ಲಿ ಹಸಿವು ಮೀರಿರುತ್ತದೆ. ಬಾಟಲಿಯನ್ನು ಹೆಚ್ಚು ಕಡಿಮೆ ಅಡ್ಡವಾಗಿ ಹಿಡಿದು, ನಡುವೆ ನಿಲ್ಲಿಸಿ ತೇಗು ಬರಿಸಿ. ಮುಖ ತಿರುಗಿಸಿದರೆ ಸಾಕು ಎಂದರ್ಥ, ಉಳಿದದ್ದನ್ನು ಒತ್ತಾಯದಿಂದ ಖಾಲಿ ಮಾಡಿಸಬೇಡಿ. ದಿಂಬಿಗೆ ಬಾಟಲಿ ಆನಿಸಿ ಮಗುವನ್ನು ಒಂಟಿಯಾಗಿ ಬಿಡುವುದಂತೂ ಬೇಡವೇ ಬೇಡ.

6 ತಿಂಗಳು ತುಂಬಿದ ಮೇಲೆ ಊಟದ ಹೊತ್ತಿಗೆ ಪುಟ್ಟ ಲೋಟದಲ್ಲಿ ಎರಡು ಗುಟುಕು ನೀರು ಕೊಡಲು ಶುರು ಮಾಡಿ. ಮೊದಲು ಅರ್ಧ ಮೈಮೇಲೆ ಚೆಲ್ಲಿಕೊಳ್ಳುತ್ತದೆ, ಬಿಡಿ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹಗಲಿನ ಬಾಟಲಿ ನಿಲ್ಲಿಸಿ, ಕೊನೆಗೆ ಮಲಗುವಾಗಿನದನ್ನೂ ಬಿಡಿಸಿ. ಒಂದೂವರೆ ವರ್ಷದೊಳಗೆ ಎಲ್ಲ ಹಾಲೂ ಲೋಟದಲ್ಲೇ ಆಗಲಿ.